ಕರಗದೆಯೇ ಕಲ್ಲು ಬೇರೆ ಕಲ್ಲಾಗುವುದು ಹೇಗೆ?

ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನ ಸಿಗುವ ಕಪ್ಪು ಕಲ್ಲು ಒಂದು ಕಾಲದ ಲಾವಾ ಅಂತಾರೆ, ಮತ್ತೆ ಕರಗದೆ ಅದು ಬದಲಾಗಿದ್ದು ಹೇಗೆ ಎಂದು ಕೇಳಿದ್ದೀರಿ.

ಹೌದು, ಅದು ಮೂಲತಃ 250 ಕೋಟಿ ವರ್ಷಕ್ಕೂ ಹಳೆಯ ಬಸಾಲ್ಟ್, ಅಂದರೆ ಲಾವಾ ಆರಿ ಗಟ್ಟಿಯಾದ ಕಲ್ಲು. ಭೂಮಿಯೊಳಗೆ ಆಳಕ್ಕೆ ಹೋದಂತೆ ಬಿಸಿ ಏರುತ್ತದೆ, ಕಿಲೋಮೀಟರಿಗೆ ಸುಮಾರು 25 ಡಿಗ್ರಿ. 500–600 ಡಿಗ್ರಿಯಲ್ಲಿ ಬಸಾಲ್ಟ್ ಕರಗುವುದಿಲ್ಲ. ಆದರೆ ಅದರೊಳಗಿನ ಪರಮಾಣುಗಳು ಜಾಗ ಬದಲಿಸುತ್ತವೆ. ಗಟ್ಟಿಯಾಗಿದ್ದಾಗಲೇ ಹಾರ್ನ್‌ಬ್ಲೆಂಡ್‌ನಂಥ ಹೊಸ ಖನಿಜ ಬೆಳೆದು, ಕಲ್ಲು ಆಂಫಿಬೊಲೈಟ್ ಎಂಬ ಬೇರೆ ಕಲ್ಲಾಗುತ್ತದೆ. ಒತ್ತಡ ಒಂದು ದಿಕ್ಕಿನಿಂದ ಜಾಸ್ತಿಯಿದ್ದರೆ ಖನಿಜಗಳು ಅದಕ್ಕೆ ಅಡ್ಡಲಾಗಿ ಸಾಲುಗಟ್ಟುತ್ತವೆ. ಪದರು ಕಾಣುವುದು ಅದರಿಂದಲೇ.

ನಾವು ಸುಲಭವಾಗಿ ಮರೆಯುವುದು ನೀರನ್ನು. ನನಗಂತೂ ಇದೇ ಮುಖ್ಯ ಅನಿಸುತ್ತದೆ. ಹಾರ್ನ್‌ಬ್ಲೆಂಡ್‌ನ ರಚನೆಯಲ್ಲೇ ನೀರಿನ ಅಂಶವಿದೆ. ಪೂರ್ತಿ ಒಣಗಿದ ಬಸಾಲ್ಟ್‌ನಲ್ಲಿ ಅದು ಹುಟ್ಟಲಾರದು, ಅಲ್ವಾ? ಕಲ್ಲಿನೊಳಗೆ ಹರಿಯುವ ಈ ನೀರಿನ ಬಿಸಿ ದ್ರವ ಪರಮಾಣುಗಳನ್ನು ಹೊತ್ತು ಸಾಗಿಸುವುದರಿಂದ ಬದಲಾವಣೆಯೂ ಬೇಗ ನಡೆಯುತ್ತದೆ. ಹಟ್ಟಿಯ ಚಿನ್ನ ಬಂದದ್ದೂ ಇಂಥ ದ್ರವದಲ್ಲೇ, ಗಂಧಕದ ಜೊತೆ ಕೂಡಿಕೊಂಡು. ಆ ಗಂಧಕವನ್ನು ಬಂಡೆಯ ಕಬ್ಬಿಣ ಸೆಳೆದುಕೊಂಡಾಗ ಚಿನ್ನ ದ್ರವದಿಂದ ಬೇರ್ಪಟ್ಟು ಕಲ್ಲಿನಲ್ಲೇ ಉಳಿಯಿತು. ಹಾಗಾಗಿ ಅಲ್ಲಿ ಚಿನ್ನದ ಜೊತೆಗೆ ಆರ್ಸೆನೋಪೈರೈಟ್, ಪಿರೋಟೈಟ್‌ನಂಥ ಗಂಧಕದ ಖನಿಜಗಳೂ ಸಿಗುತ್ತವೆ.