ಚಾವಿ ಬರ್ದಿ, ಅಗಳಿ ಬಿಟ್ಟಿ

ತಂಗೀ, ‘ನೆನಪು ಎಲ್ಲಿ ಕುಂತದ?’ ಅನ್ನೋ ನಿನ್ನ ಲೇಖನ ನಿನ್ನೆ ರಾತ್ರಿ ಎರಡು ಸಲ ಓದಿನಿ. ಭಾಷಾ ಛಲೋ ಅದ, ಅಜ್ಜಿ ಮಗ್ಗಿ ಹೇಳಿಸೋದರಿಂದ ಶುರು ಮಾಡಿದ್ದೂ ಹಿಡಿಸ್ತು. ಆದ್ರ ಮೂರನೇ ಪ್ಯಾರಾಕ್ಕ ಬರೋದ್ರಾಗ ಸಿಟ್ಟು ಬಂತು ನೋಡು.

‘ಎನ್‌ಎಂಡಿಎ ರಿಸೆಪ್ಟರ್ ಒಂದು ಬೀಗ, ಗ್ಲುಟಮೇಟ್ ಅದರ ಚಾವಿ, ಚಾವಿ ತಿರುಗಿದೊಡನೆ ನೆನಪು ಮೂಡುತ್ತದೆ’ ಅಂತ ಬರ್ದಿ. ರಿಸೆಪ್ಟರ್ ಅಂದ್ರ ಮೆದುಳಿನ ಸೆಲ್ ಮ್ಯಾಲಿನ ಬಾಗಲ, ಗ್ಲುಟಮೇಟ್ ಅಂದ್ರ ಒಂದು ಸೆಲ್ಲು ಇನ್ನೊಂದಕ್ಕ ಸುದ್ದಿ ಮುಟ್ಟಿಸೋ ರಾಸಾಯನಿಕ, ಅಷ್ಟು ಖರೆ. ಆದ್ರ ಚಾವಿ ಒಂದೇ ಸಾಕು ಅಂದಿ, ಹಂಗಲ್ಲವ್ವ. ನಮ್ಮ ಕಡಿ ಹಳೀ ಮನಿ ಬಾಗಲ ನೆನಸ್ಕೋ, ಹೊರಗ ಚಾವಿ ತಿರುವಿದ್ರೂ ಒಳಗ ಅಗಳಿ ಹಾಕಿದ್ರ ತೆರೀತದೇನು? ಈ ರಿಸೆಪ್ಟರ್‌ದ ಅಗಳಿ ಮೆಗ್ನೀಶಿಯಂ. ರಿಸೆಪ್ಟರ್ ನಡುವಿನ ದಾರಿ, ಅಂದ್ರ ಚಾನೆಲ್‌ದಾಗ ಅಡ್ಡ ಕುಂತಿರ್ತದ, ಗ್ಲುಟಮೇಟ್ ಬಂದು ಅಂಟಿದ್ರೂ ಜಾಗ ಬಿಡಲ್ಲ. ಬಾಜೂದಾಗ ಗ್ಲುಟಮೇಟ್‌ಗೇ ತೆರೆಯೋ ಇನ್ನೊಂದು ಥರದ ಬಾಗಲ, ಆಂಪಾ ರಿಸೆಪ್ಟರ್‌ಗಳಿಂದ ಸೋಡಿಯಂ ನುಗ್ಗಿ ಸೆಲ್ ಒಳಗಿನ ವೋಲ್ಟೇಜ್ ಏರಿದ್ರ ಅವಾಗ ಮೆಗ್ನೀಶಿಯಂ ಹೊರಗ ಬೀಳ್ತದ, ಕ್ಯಾಲ್ಸಿಯಂ ಒಳಗ ಬರ್ತದ. ಅಂದ್ರ ಕಳಿಸೋ ಸೆಲ್ಲು, ತಗೊಳ್ಳೋ ಸೆಲ್ಲು ಎರಡೂ ಒಂದೇ ಹೊತ್ತಿಗಿ ಎದ್ದಿರಬೇಕು, ಕಲಿಯೋದರ ಗುಟ್ಟು ಅಲ್ಲೇ ಅದ, ನೀ ಅದನ್ನೇ ಬಿಟ್ಟಿ. ‘ಮೂಡುತ್ತದೆ’ ಅನ್ನೋದೂ ತಗಿ. ಕ್ಯಾಲ್ಸಿಯಂ ಜೋರಾಗಿ ಬಂದ್ರ ಆಂಪಾ ರಿಸೆಪ್ಟರ್ ಹೆಚ್ಚಾಗಿ ಸಿನಾಪ್ಸ್, ಅಂದ್ರ ಎರಡು ಸೆಲ್ ಕೂಡೋ ಜಾಗ, ಗಟ್ಟಿ ಆಗ್ತದ, ಸಣ್ಣಗ ಭಾಳ ಹೊತ್ತು ಜಿನುಗಿದ್ರ ಅದೇ ಸಿನಾಪ್ಸ್ ಸಡ್ಲ ಆಗ್ತದ. ಅದೇ ಬಾಗಲದಿಂದ ಎರಡೂ ಕೆಲಸ! ಇದನ್ನ ಓದಿ ನನಗ ಇವತ್ತಿಗೂ ಮೈ ಝುಮ್ ಅಂತದ, ನಿನ್ನ ಓದುಗರಿಗಿ ಯಾಕ ಸಿಗಬಾರ್ದು?

ಮುಂದಿನ ಸಾಲು, ‘ಇದನ್ನು ವಿಜ್ಞಾನಿಗಳು ಸಾಬೀತುಪಡಿಸಿದ್ದಾರೆ.’ ಯಾವ ವಿಜ್ಞಾನಿ?

ನಾ ಇಪ್ಪತ್ತೆರಡರ ವಯಸ್ಸಿನ್ಯಾಗ ಇಲ್ಲೇ ಕಲಬುರಗಿ ವಾರಪತ್ರಿಕಿ ಒಂದಕ್ಕ ಸೇರಿದ್ದೆ, ‘ತೊಗರಿ ರೇಟ್ ಬಿದ್ದು ರೈತರು ಕಂಗಾಲು’ ಅಂತ ಬರದು ಕೊಟ್ಟೆ. ನಮ್ಮ ಹಿರಿಯರು ಹಾಳಿ ವಾಪಸ್ ಕೊಟ್ಟು ‘ಯಾವ ರೈತ? ಎಷ್ಟು ಕ್ವಿಂಟಲ್?’ ಅಂದ್ರು, ಅಷ್ಟೇ. ಮತ್ತ ಗಂಜ್‌ಕ್ಕ ಹೋದೆ, ಹಮಾಲರ ಬಾಜೂ ಚೀಲದ ಮ್ಯಾಲ ಸಂಜಿತನಕ ಕುಂತೆ, ಅಫಜಲಪುರ ಕಡಿಂದ ಬಂದ ಒಬ್ಬಾತ ಹೇಳ್ದ, ಕಾಳು ಹಸಿ ಅದ ಅಂತ ಅವನ ಮಾಲಿಗಷ್ಟೇ ರೇಟ್ ಕಡಿದಿದ್ರು. ನಾ ಬರ್ದಿದ್ದು ಪೂರಾ ತಪ್ಪಿತ್ತು.

ಅದಕ್ಕ ಹೆಸರು ಬರಿ. 1973ರಾಗ ಬ್ಲಿಸ್, ಲೊಮೊ ಇಬ್ರೂ ಮೊಲದ ಹಿಪೊಕ್ಯಾಂಪಸ್‌ದಾಗ (ನೆನಪಿಗಿ ಬೇಕಾದ ಮೆದುಳಿನ ಭಾಗ) ಸಿನಾಪ್ಸ್ ತಾಸುಗಟ್ಟಲೆ ಗಟ್ಟಿ ಉಳಿಯೋದು ತೋರಿಸಿದ್ರು, ಮನುಷ್ಯರದಾಗಲ್ಲ, ಮೊಲದಾಗ. 1986ರಾಗ ಮಾರಿಸ್ ಮತ್ತ ಜೊತಿಗಿನವರು ಇದೇ ರಿಸೆಪ್ಟರ್ ತಡೆಯೋ ಔಷಧ ಇಲಿ ಮೆದುಳಿಗಿ ಕೊಟ್ರು, ಈಜಿ ಹೋಗಿ ಹತ್ತಿ ನಿಲ್ಲಲಿಕ್ಕ ನೀರಾಗ ಮುಚ್ಚಿಟ್ಟ ಕಟ್ಟಿ ಎಲ್ಲದ ಅಂತ ಅವು ಸರಿಯಾಗಿ ಕಲೀಲಿಲ್ಲ.

ಮೂರನೇ ಪ್ಯಾರಾ ಅಷ್ಟೇ ಹೊಸದಾಗಿ ಬರದು ಶುಕ್ರವಾರದೊಳಗ ಕಳಸು, ಜಾಗ ಹಿಡಿದಿಟ್ಟೀನಿ.