ಬಚ್ಚಿಟ್ಟ ಕೀಲಿಕೈ, ಮೊಬೈಲಿನಲ್ಲಿ ಕೆಂಪು ಕಾರು

ಈ ದಂಪತಿ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಯಜಮಾನರನ್ನು ರುದ್ರಪ್ಪ ಎಂದು ಕರೆಯುತ್ತೇನೆ, ಅದು ಅವರ ಹೆಸರಲ್ಲ.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಅವರಿಬ್ಬರೂ ಬಳ್ಳಾರಿಯ ನನ್ನ ಆಪ್ತಸಲಹೆಯ ಕೊಠಡಿಗೆ ಬಂದರು. ಒಂಬತ್ತು ಗಂಟೆಗೇ ಕೋಟೆ ಗುಡ್ಡದ ಬಂಡೆಗಳು ಕಾಯತೊಡಗಿದ್ದವು. ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಪತ್ನಿ ಹೇಳಿಬಿಟ್ಟರು: “ಮೇಡಂ, ಮಗ ಇವರ ಗಾಡಿಯ ಕೀಲಿಕೈ ಬಚ್ಚಿಟ್ಟಿದ್ದಾನೆ. ಅದಕ್ಕೆ ಇವರು ಸೈಟು ಮಾರಿ ಎರಡೇ ಸೀಟಿನ ಕಾರು ತರುತ್ತೇನೆ ಎನ್ನುತ್ತಾರೆ. ಹತ್ತು ದಿನದಿಂದ ಅಪ್ಪ ಮಗ ಒಟ್ಟಿಗೆ ಊಟಕ್ಕೆ ಕೂತಿಲ್ಲ.” ರುದ್ರಪ್ಪನವರು ಮಾತಾಡಲಿಲ್ಲ. ಮೊಬೈಲನ್ನು ಮೇಜಿನ ಮೇಲಿಟ್ಟು ನನ್ನ ಕಡೆಗೆ ಸರಿಸಿದರು. ಪರದೆಯ ಮೇಲೆ ಮೇಲ್ಛಾವಣಿ ತೆರೆದ ಕೆಂಪು ಸ್ಪೋರ್ಟ್ಸ್ ಕಾರು. ಬೆಂಗಳೂರಿನಲ್ಲಿ ಯಾರೋ ಮಾರಾಟಕ್ಕೆ ಇಟ್ಟದ್ದು.

ಅವರಿಗೆ 62 ವರ್ಷ. ಕಟಿಂಗ್ ಮಾಸ್ಟರ್ ಆಗಿ ದುಡಿಮೆ ಆರಂಭಿಸಿ, ಜೀನ್ಸ್ ಹೊಲಿಯುವ ಸ್ವಂತ ಘಟಕ ಕಟ್ಟಿದವರು. ಮೂರು ವರ್ಷದ ಹಿಂದೆ ಅದನ್ನು ಮಗನಿಗೆ ಒಪ್ಪಿಸಿದರು. ಆ ಖುಷಿಗೆ 350 ಸಿಸಿಯ ಬುಲೆಟ್ ಕೊಂಡರು. ಮಾರ್ಚ್‌ನಲ್ಲಿ, ಸಂಜೆ ಏಳರ ಹೊತ್ತಿಗೆ, ಸಿಗ್ನಲ್‌ನಲ್ಲಿ ನಿಂತಿದ್ದಾಗ ಎಡಗಾಲು ಜಲ್ಲಿಯ ಮೇಲೆ ಜಾರಿತು. 195 ಕೆ.ಜಿ.ಯ ಗಾಡಿ ಒಮ್ಮೆ ವಾಲಿದರೆ ಹಿಡಿದು ನಿಲ್ಲಿಸುವುದು ಹರೆಯದವರಿಗೂ ಕಷ್ಟ. ಅವರಿಗೆ ಪೆಟ್ಟಾಗಲಿಲ್ಲ. ಹಿಂದೆ ನಿಂತಿದ್ದ ಇಬ್ಬರು ಹುಡುಗರು ಓಡಿ ಬಂದು ಗಾಡಿ ಎತ್ತಿಕೊಟ್ಟು, “ನಿಧಾನ ತಾತ” ಎಂದರು. ಆ ಒಂದು ಮಾತನ್ನು ಅವರು ನನಗೆ ಮೂರು ಸಲ ಹೇಳಿದರು. ಮಗನಿಗೆ ಸುದ್ದಿ ತಲುಪಿ, ಮರುದಿನ ಕೀಲಿಕೈ ಮಾಯವಾಯಿತು.

ಮೊದಲ ಭೇಟಿಯಲ್ಲಿ ಪತ್ನಿಯನ್ನು ಹೊರಗೆ ಕೂರಿಸಿ ಅವರೊಬ್ಬರ ಜೊತೆ ಮಾತಾಡಿದೆ. 1985ರಲ್ಲಿ ಮೊದಲ ಸಂಪಾದನೆಯಲ್ಲಿ ಯೆಜ್ಡಿ ಕೊಂಡ ಕಥೆ ಬಂತು. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಗಾಡಿ ಅದು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದರಲ್ಲಿ ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಎಡಗಾಲಿನಿಂದ ಕಿಕ್ ಹೊಡೆದು, ಅದನ್ನೇ ಮುಂದಕ್ಕೆ ಮಡಚಿದರೆ ಗೇರ್ ಆಗುತ್ತದೆ. ಅದನ್ನು ಹೇಳುತ್ತಿದ್ದಾಗ ಮೇಜಿನ ಕೆಳಗೆ ಅವರ ಎಡಗಾಲು ತಾನಾಗಿ ಎದ್ದು, ಪಾದ ಒಳಕ್ಕೆ ತಿರುಗಿ, ಒತ್ತಿ, ಬಿಟ್ಟಿತು. ಗಾಡಿ ಮಾರಿ ಹದಿನೈದು ವರ್ಷವಾಗಿದೆ, ಕಾಲು ಮರೆತಿಲ್ಲ. ಬೈಕ್ ಬಿಡಿ ಎಂದು ಹಿರಿಯರಿಗೆ ಹೇಳುವವರು ಈ ಕಾಲನ್ನು ಒಮ್ಮೆ ನೋಡಬೇಕು. ನಲವತ್ತು ವರ್ಷ ಮೈಗೂಡಿದ್ದನ್ನು ಒಂದು ಸಂಜೆಯ ಘಟನೆಗಾಗಿ ಕಿತ್ತುಕೊಂಡರೆ ಮನುಷ್ಯ ಮುರಿಯುತ್ತಾನೆ.

ಆದ್ದರಿಂದ ಕೀಲಿಕೈ ಬಚ್ಚಿಟ್ಟದ್ದು ತಪ್ಪು ಎಂದು ಮಗನಿಗೆ ನೇರವಾಗಿಯೇ ಹೇಳಿದೆ. ಬುದ್ಧಿ ಸ್ಥಿಮಿತದಲ್ಲಿರುವ, ಲೈಸೆನ್ಸ್ ಇರುವ ತಂದೆಯ ಕೀಲಿಕೈಯನ್ನು ಕೇಳದೆ ತೆಗೆದಿಡುವುದು ರಕ್ಷಣೆಯಲ್ಲ, ಅವಮಾನ. ಮಗನ ಭಯ ಸುಳ್ಳು ಎಂದು ನಾನು ಹೇಳುತ್ತಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇಕಡಾ 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದವರು. ಇಂಥ ಭಯವನ್ನು ಎದುರು ಕೂತು ಮಾತಾಡಿ ತೀರಿಸಿಕೊಳ್ಳಬೇಕು. “ಇವತ್ತೇ ಕೀಲಿಕೈಯನ್ನು ಅಪ್ಪನ ಕೈಗೆ ಕೊಡು, ಮಾತು ಆಮೇಲೆ” ಎಂದೆ. ಅವನು ಒಪ್ಪಲು ಎರಡು ದಿನ ಹಿಡಿಯಿತು.

ರುದ್ರಪ್ಪನವರು ನನ್ನ ಮುಂದಿಟ್ಟಿದ್ದ ಪ್ರಶ್ನೆ ಇಷ್ಟೇ: ಈ ವಯಸ್ಸಿಗೆ ಬೈಕ್ ಸರಿಯೋ, ಸ್ಪೋರ್ಟ್ಸ್ ಕಾರು ಸರಿಯೋ? ನಾನು ಉತ್ತರಿಸದೆ, “ಒಂದು ಭಾನುವಾರ ನಿಮಗೆ ಬೇಕಾದ ಗಾಡಿ ಸಿಕ್ಕಿದೆ ಎಂದುಕೊಳ್ಳಿ. ಎಲ್ಲಿಗೆ ಹೋಗುತ್ತೀರಿ? ಜೊತೆಗೆ ಯಾರು?” ಎಂದು ಕೇಳಿದೆ. ಅವರು ತಡಮಾಡಲಿಲ್ಲ. “ಸಂಡೂರಿಗೆ, ತಾಯಿ. ಮಳೆಗಾಲದಲ್ಲಿ. ಗುಡ್ಡ ಹಸಿರಾದಾಗ. ಇವಳನ್ನು ಕರೆದುಕೊಂಡು.” ಸ್ವಲ್ಪ ಹೊತ್ತು ಸುಮ್ಮನಿದ್ದು ಮುಂದುವರಿಸಿದರು: “ಎರಡು ವರ್ಷದಿಂದ ಇವಳು ನನ್ನ ಹಿಂದೆ ಕೂತಿಲ್ಲ. ಏನಾದರೂ ನೆಪ ಹೇಳುತ್ತಾಳೆ. ನನ್ನ ಮೇಲೆ ನಂಬಿಕೆ ಹೋಗಿದೆ. ಕಾರು ತಂದರೆ ಪಕ್ಕದಲ್ಲಾದರೂ ಕೂರುತ್ತಾಳೆ.”

ಸೈಟು ಮಾರುವ ಹಟದ ಹಿಂದೆ ಇದ್ದದ್ದು ಇದು. ಮನೆಯಲ್ಲಿ ಎಲ್ಲರೂ ಅದನ್ನು ವಯಸ್ಸಿನ ಹುಚ್ಚು ಎಂದಿದ್ದರು. ಗಣಿಯ ದುಡ್ಡು ಹರಿಯುತ್ತಿದ್ದ ಕಾಲದಲ್ಲಿ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಗಣಿಗಾರಿಕೆ ನಿಲ್ಲಿಸುವ ಮೊದಲು, ನಮ್ಮ ಊರಿನ ಬೀದಿಗಳಲ್ಲಿ ದುಬಾರಿ ಕಾರುಗಳು ಓಡಾಡುತ್ತಿದ್ದವು. ಅಂಥ ಕಾರು ಎಂದರೆ ಮೆರೆಯುವುದಕ್ಕೆ ಎಂಬ ಭಾವನೆ ಇಲ್ಲಿನ ಜನರಲ್ಲಿ ಇನ್ನೂ ಇದೆ. ಮಗನೂ ಹಾಗೆಯೇ ತಿಳಿದ.

ಎರಡನೆಯ ಭೇಟಿಗೆ ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ. ಹಿಂದಿನ ಸಲ ಹೇಳಿದ್ದನ್ನು ಪತ್ನಿಯ ಎದುರು ಹೇಳಬಹುದೇ ಎಂದು ಕೇಳಿದಾಗ ರುದ್ರಪ್ಪನವರು ನೆಲ ನೋಡುತ್ತಾ ಹೇಳಿದರು. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೇಳಿದರು. “ನಂಬಿಕೆ ಹೋಗುವುದು ಎಂದರೇನು? ಮೊಣಕಾಲು ಹೋಗಿದೆ. ಸೀರೆ ಉಟ್ಟು ಅಡ್ಡ ಕೂರಬೇಕೆಂದರೆ ಒಂದು ಕಾಲಿನ ಮೇಲೆ ಮೈ ಭಾರವೆಲ್ಲ ಹಾಕಿ ಹತ್ತಬೇಕು. ಇಳಿಯುವಾಗ ಜೀವ ಹೋದಂತಾಗುತ್ತಿತ್ತು. ಹೇಳಿದರೆ ನೀವು ಗಾಡಿಯನ್ನೇ ಮಾರಿಬಿಡುತ್ತೀರಿ ಎಂದು ಸುಮ್ಮನಿದ್ದೆ.”

ಆ ಬುಲೆಟ್ಟಿನ ಸೀಟು ನೆಲದಿಂದ ಎಂಬತ್ತು ಸೆಂಟಿಮೀಟರ್ ಎತ್ತರ. ಸವೆದ ಮೊಣಕಾಲಿಗೆ ಅದು ಮಹಡಿ ಹತ್ತಿದಂತೆ. ಹಾಗಾದರೆ ಕೆಂಪು ಕಾರು? ನನ್ನ ಕೊಠಡಿಯಲ್ಲಿ ಮಕ್ಕಳು ಬಂದಾಗ ಕೂರಿಸುವ ತಗ್ಗು ಸ್ಟೂಲ್ ಒಂದಿದೆ. ಅದನ್ನು ಗೋಡೆಯ ಪಕ್ಕ ಇಟ್ಟು ಆಕೆಗೆ ಕೂರಲು ಹೇಳಿದೆ. ಸ್ಪೋರ್ಟ್ಸ್ ಕಾರಿನ ಸೀಟು ಮೊಣಕಾಲಿಗಿಂತ ತಗ್ಗಾಗಿರುತ್ತದೆ. ಕಾಲು ಮುಂದಕ್ಕೆ ಚಾಚಿ, ಮೈಯನ್ನು ಕೆಳಕ್ಕೆ ಬಿಟ್ಟು ಕೂರಬೇಕು. ಇಳಿಯುವಾಗ ಅಷ್ಟನ್ನೂ ಮೇಲೆತ್ತಬೇಕು. ಆಕೆ ಕೂತರು. ಏಳಲು ಮೊದಲ ಸಲ ಪ್ರಯತ್ನಿಸಿ ಅರ್ಧಕ್ಕೇ ಮತ್ತೆ ಕೂತರು. ಎರಡನೆಯ ಸಲ ಒಂದು ಕೈ ಗೋಡೆಗೆ ಊರಿ, ಇನ್ನೊಂದನ್ನು ಗಂಡನ ಕಡೆ ಚಾಚಿದರು. ರುದ್ರಪ್ಪನವರು ಎಬ್ಬಿಸಿದರು. ಕೈಯನ್ನು ಬಿಡದೆ ಹಾಗೆಯೇ ನಿಂತರು. ಕಾರಿನ ಬಗ್ಗೆ ನಾನು ಏನನ್ನೂ ಹೇಳಬೇಕಾಗಿ ಬರಲಿಲ್ಲ.

ಆದರೂ ಆ ಆಸೆಯನ್ನು ಅಲ್ಲಿಗೆ ಮುಗಿಸಬಾರದು ಎಂದು ನನಗೆ ಅನ್ನಿಸಿತು. ವಯಸ್ಸಾದವರ ಆಸೆಯನ್ನು ನಾವು ಎಷ್ಟು ಬೇಗ ಮುಚ್ಚಿಬಿಡುತ್ತೇವೆ! ನಾನು ಕೇಳಿಕೊಂಡದ್ದು ಆರು ತಿಂಗಳು ಸೈಟನ್ನು ಮುಟ್ಟಬೇಡಿ ಎಂದು ಮಾತ್ರ. ಅಷ್ಟರೊಳಗೆ ಬೆಂಗಳೂರಿಗೆ ಹೋಗಿ ಒಂದು ದಿನಕ್ಕೆ ಅಂಥ ಕಾರನ್ನು ಬಾಡಿಗೆಗೆ ಪಡೆದು ಓಡಿಸಿ ನೋಡಿ. ಹಣ ಕೊಟ್ಟು ಒಂದು ದಿನದ ಸುಖ ಪಡೆಯುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಮನೆಗೆ ತಂದರೆ ಏನೇನು ಎಂಬ ಲೆಕ್ಕವನ್ನೂ ಕಾಗದದ ಮೇಲೆ ಬರೆಸಿದೆ. ನೆಲಕ್ಕೂ ಹೊಟ್ಟೆಗೂ ಐದಾರು ಅಂಗುಲದ ಅಂತರವೂ ಇಲ್ಲದ ಕಾರಿಗೆ ನಮ್ಮ ಹಳ್ಳಿಗಳ ಬಣ್ಣ ಬಳಿಯದ ಹಂಪುಗಳೇ ಶತ್ರು. ಸಂಡೂರಿನ ದಾರಿಯಲ್ಲಿ ಅದಿರಿನ ಲಾರಿಯ ಹಿಂದೆ ಸಿಕ್ಕಿಕೊಂಡರೆ ತೆರೆದ ಛಾವಣಿಯೊಳಗೆ ಕೆಂಪು ದೂಳು. ಮಾರ್ಚ್‌ನಿಂದ ಜೂನ್‌ವರೆಗೆ ಹಗಲು ಛಾವಣಿ ತೆರೆಯುವಂತಿಲ್ಲ, 40 ಡಿಗ್ರಿ ದಾಟುವ ಊರು ನಮ್ಮದು. ಕೆಟ್ಟರೆ ಮುನ್ನೂರು ಕಿ.ಮೀ. ದೂರದ ಬೆಂಗಳೂರಿಗೆ ಸಾಗಿಸಬೇಕು. ಕಾರಿನಲ್ಲಿ ಉಕ್ಕಿನ ಕವಚ, ಬೆಲ್ಟ್, ಏರ್‌ಬ್ಯಾಗ್ ಇರುವುದರಿಂದ ಬೈಕಿಗಿಂತ ಸುರಕ್ಷಿತ, ನಿಜ. ಆದರೆ ಅಂಥ ಕಾರು ವೇಗವನ್ನು ಕರೆಯುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡ್ ತಡವಾದರೆ 17 ಮೀಟರ್ ಮುಂದೆ ಹೋಗಿರುತ್ತೇವೆ. 100ರಲ್ಲಿ 28 ಮೀಟರ್. ವಯಸ್ಸಿನೊಂದಿಗೆ ನಿಧಾನವಾಗುವುದು ಬ್ರೇಕ್ ಒತ್ತುವ ಆ ಕ್ಷಣವೇ.

ಇನ್ನು ಬೈಕು. ಇಲ್ಲಿ ನನ್ನ ಸಲಹೆಗಿಂತ ವೈದ್ಯರ ಮಾತು ಮುಖ್ಯವಾಗಿತ್ತು. ಅವರು ಎರಡು ವರ್ಷದಿಂದ ಕಣ್ಣಿನ ವೈದ್ಯರನ್ನು ತಪ್ಪಿಸಿಕೊಳ್ಳುತ್ತಿದ್ದರು. ತಪಾಸಣೆಯಲ್ಲಿ ಏನಾದರೂ ಸಿಕ್ಕಿಬಿದ್ದರೆ ಲೈಸೆನ್ಸ್ ಹೋಗುತ್ತದೆ ಎಂಬ ಅಂಜಿಕೆ. 55 ದಾಟಿದವರಿಗೆ ಲೈಸೆನ್ಸ್ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ, ಅದಕ್ಕೆ ವೈದ್ಯರು ಸಹಿ ಮಾಡಿದ ನಮೂನೆ 1ಎ ಬೇಕು. ಅವರದು ಮುಂದಿನ ವರ್ಷ ಮುಗಿಯುತ್ತದೆ. “ಆ ಕಾಗದಕ್ಕಾಗಿ ಬೇಡ, ಆ ಸಂಜೆ ಜಲ್ಲಿ ಯಾಕೆ ಕಾಣಲಿಲ್ಲ ಎಂದು ತಿಳಿಯುವುದಕ್ಕಾಗಿ ಹೋಗಿ” ಎಂದೆ. ಎರಡೂ ಕಣ್ಣುಗಳಲ್ಲಿ ಪೊರೆ ಬಂದಿತ್ತು. ಎದುರಿನ ಲಾರಿಯ ದೀಪ ಕಣ್ಣಿಗೆ ರಾಚಿ ಎಲ್ಲವೂ ಬೆಳ್ಳಗಾಗುವುದನ್ನು ಅವರು ವಯಸ್ಸೆಂದು ಒಪ್ಪಿಕೊಂಡುಬಿಟ್ಟಿದ್ದರು. ಅದು ಶಸ್ತ್ರಚಿಕಿತ್ಸೆಯಿಂದ ಸರಿಹೋಗುವ ತೊಂದರೆ! ಹಿರಿಯರು ಕಣ್ಣು ತೋರಿಸಿಕೊಳ್ಳದೆ ಸುಮ್ಮನೆ ಕತ್ತಲೆಗೆ ಒಗ್ಗಿಕೊಳ್ಳುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಸಕ್ಕರೆ ಕಾಯಿಲೆಯೂ ಇದೆ. ಪಾದದ ಸ್ಪರ್ಶವನ್ನು ಪರೀಕ್ಷಿಸಿಕೊಳ್ಳಲು ಹೇಳಿದೆ, ಏಕೆಂದರೆ ಬಲಗಾಲು ಜೋಮು ಹಿಡಿದಂತಿದ್ದರೆ ಹಿಂದಿನ ಬ್ರೇಕ್ ಎಷ್ಟು ಒತ್ತಿದೆ ಎಂಬುದೇ ತಿಳಿಯುವುದಿಲ್ಲ. ಅದು ಸದ್ಯ ಚೆನ್ನಾಗಿದೆ. ಕೆಲವು ಮಾತ್ರೆಗಳು ಸಕ್ಕರೆಯನ್ನು ತೀರ ಇಳಿಸಿಬಿಡುತ್ತವೆ. ಹಾಗಾಗಿ ತಿಂಡಿ ತಿನ್ನದೆ ಗಾಡಿ ಹತ್ತಬಾರದು, ಜೇಬಿನಲ್ಲಿ ಬೆಲ್ಲವೋ ಸಕ್ಕರೆಯೋ ಇರಬೇಕು ಎಂದು ವೈದ್ಯರೇ ಹೇಳಿದರು.

ಮಗನಿಗೆ ಒಂದು ಕೆಲಸ ಕೊಟ್ಟೆ: ಬುದ್ಧಿ ಹೇಳುವ ಮೊದಲು ಹೆಲ್ಮೆಟ್ ಹಾಕಿಕೊಂಡು ಅಪ್ಪನ ಹಿಂದೆ ಕೂತು ನೋಡಬೇಕು. ಬಲಗಣ್ಣಿನ ಶಸ್ತ್ರಚಿಕಿತ್ಸೆಯಾಗಿ, ವೈದ್ಯರು ಗಾಡಿ ಓಡಿಸಬಹುದು ಎಂದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಇಬ್ಬರೂ ಖಾಲಿ ಮೈದಾನಕ್ಕೆ ಹೋದರು. ಎಂಟರ ಆಕಾರದಲ್ಲಿ ನಿಧಾನವಾಗಿ ಸುತ್ತುವುದು, 40ರ ವೇಗದಿಂದ ಒಮ್ಮೆಲೇ ನಿಲ್ಲಿಸುವುದು, ಯಾರ ಸಹಾಯವೂ ಇಲ್ಲದೆ ಡಬಲ್ ಸ್ಟ್ಯಾಂಡ್ ಹಾಕುವುದು. ಆಮೇಲೆ ಊರ ಹೊರಗೆ ಇಪ್ಪತ್ತು ಕಿ.ಮೀ. ಮಗ ನನಗೆ ಹೇಳಿದ್ದು ಹೀಗೆ: “ಅಪ್ಪ ನನಗಿಂತ ಚೆನ್ನಾಗಿ ಓಡಿಸುತ್ತಾರೆ ಮೇಡಂ. ಹಂಪ್ ನನಗೆ ಕಾಣುವ ಮೊದಲೇ ಗೇರ್ ಇಳಿಸಿರುತ್ತಾರೆ. ಆದರೆ ಕೂಡುರಸ್ತೆಯಲ್ಲಿ ಬಲಕ್ಕೆ ಕತ್ತು ಪೂರ್ತಿ ತಿರುಗುವುದಿಲ್ಲ. ಡಬಲ್ ಸ್ಟ್ಯಾಂಡ್ ಹಾಕುವಾಗ ಎರಡು ಸಲ ಸೋತರು.” ಹತ್ತು ವಾರದಲ್ಲಿ ಆ ಮನೆಯಲ್ಲಿ ತಂದೆಯನ್ನು ಇದ್ದಹಾಗೆ ನೋಡಿದ ಮೊದಲ ಮಾತು ಇದು. ಹೊಗಳಿಕೆಯನ್ನೂ ಕೊರತೆಯನ್ನೂ ಎರಡನ್ನೂ ರುದ್ರಪ್ಪನವರು ತಲೆಯಾಡಿಸುತ್ತಾ ಕೇಳಿಸಿಕೊಂಡರು.

ಬುಲೆಟ್ ಮಾರಿ, ಅದಕ್ಕಿಂತ ಬಹಳ ಹಗುರವಾದ, ಎರಡೂ ಪಾದ ಪೂರ್ತಿ ನೆಲಕ್ಕೆ ಊರುವ, ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ಎಬಿಎಸ್ ಇರುವ ಗಾಡಿ ಕೊಳ್ಳುವುದು ಅವರದೇ ನಿರ್ಧಾರ. ನಾನು ಸೇರಿಸಿದ್ದು ದೊಡ್ಡ ಕನ್ನಡಿಗಳು ಮತ್ತು ಕತ್ತಿನ ವ್ಯಾಯಾಮಕ್ಕೆ ಫಿಜಿಯೋಥೆರಪಿ. ಕತ್ತಲಾದ ಮೇಲೆ ಬೇಡ, ಲಾರಿಗಳು ತುಂಬಿರುವ ಹೆದ್ದಾರಿ ಬೇಡ, ಬೇಸಿಗೆಯಲ್ಲಿ ಎಂಟು ಗಂಟೆಯೊಳಗೆ ಮನೆಗೆ. ಬೈಕು ಅವರೊಬ್ಬರ ಸುಖಕ್ಕೆ. ಹೆಂಡತಿಯ ಜೊತೆಗಿನ ಪಯಣಕ್ಕೆ ಮನೆಯಲ್ಲೇ ಇದ್ದ, ಸೀಟು ಸೊಂಟದ ಮಟ್ಟಕ್ಕಿರುವ ಹಳೆಯ ಕಾರು. ಅದನ್ನು ಅವರು ಇದುವರೆಗೆ ಜೀನ್ಸ್ ಬಂಡಲ್ ಸಾಗಿಸುವ ಡಬ್ಬ ಎನ್ನುತ್ತಿದ್ದರು. ಆಗಸ್ಟ್‌ನಲ್ಲಿ ಅದರಲ್ಲೇ ಸಂಡೂರಿಗೆ ಹೋಗಿ ಬಂದರು. ನಾರಿಹಳ್ಳದ ಹತ್ತಿರ ತೆಗೆದ ಫೋಟೋ ಈಗ ಮೊಬೈಲಿನಲ್ಲಿ ಕೆಂಪು ಕಾರಿನ ಪಕ್ಕದಲ್ಲಿದೆ. ಕೆಂಪು ಕಾರನ್ನು ಅಳಿಸಿಲ್ಲ. ಅಳಿಸಿ ಎಂದು ನಾನೂ ಹೇಳಿಲ್ಲ.

ಕೊನೆಯ ಭೇಟಿಯಲ್ಲಿ ಕಷ್ಟದ ಪ್ರಶ್ನೆ ಇತ್ತು. ಎಂದೋ ಒಂದು ದಿನ ಈ ಹಗುರ ಗಾಡಿಯೂ ಸಾಕು ಎನ್ನಬೇಕಾಗುತ್ತದೆ. ಅದನ್ನು ಹೇಳುವ ಹಕ್ಕು ಯಾರಿಗೆ? ಅಂದು ಜಗಳವಾಗಬಾರದು, ಇಂದೇ ನೀವೇ ಆರಿಸಿ ಎಂದೆ. ಮಗನ ಹೆಸರು ಬರಬಹುದು ಎಂದು ನಾನು ಎಣಿಸಿದ್ದೆ. ಅವರು ಬಹಳ ಹೊತ್ತು ಯೋಚಿಸಿದರು.

“ಇವಳು ಹೇಳುವುದೇ ಇಲ್ಲ, ತನ್ನ ನೋವನ್ನೇ ಎರಡು ವರ್ಷ ಮುಚ್ಚಿಟ್ಟವಳು. ಮಗನಿಗೆ ಬಿಟ್ಟರೆ ನಾಳೆಯೇ ಹೇಳುತ್ತಾನೆ. ಯೆಜ್ಡಿಯ ಕಾಲದಿಂದ ನನ್ನ ಗಾಡಿ ನೋಡಿಕೊಂಡು ಬಂದ ಒಬ್ಬ ಮೆಕ್ಯಾನಿಕ್ ಇದ್ದಾನೆ, ತಾಯಿ. ನನ್ನ ವಯಸ್ಸಿನವನೇ. ಕೈ ನಡುಗುತ್ತದೆ ಎಂದು ಹೋದ ವರ್ಷ ತಾನಾಗಿಯೇ ಗಾಡಿ ಬಿಟ್ಟ. ಸರ್ವೀಸಿಗೆ ಹೋದಾಗಲೆಲ್ಲ ನನ್ನನ್ನು ಓಡಿಸಲು ಹೇಳಿ ನಿಂತು ನೋಡುತ್ತಾನೆ. ಅವನು ಬೇಡ ಎಂದ ದಿನ ಕೀಲಿಕೈಯನ್ನು ಅವನ ಕೈಗೇ ಕೊಟ್ಟು ಬರುತ್ತೇನೆ.”

ಮೆಕ್ಯಾನಿಕ್‌ನ ಫೋನ್ ನಂಬರನ್ನು ಅವರೇ ನನ್ನ ಕಡತದ ಹಾಳೆಯಲ್ಲಿ ಬರೆದರು. ಮಗ ಅದನ್ನು ತನ್ನ ಮೊಬೈಲಿಗೆ ಇಳಿಸಿಕೊಂಡ. ಎಡಗಣ್ಣಿನ ಶಸ್ತ್ರಚಿಕಿತ್ಸೆ ದಸರಾ ಮುಗಿದ ಮೇಲೆ. ಪತ್ನಿಯ ಮೊಣಕಾಲನ್ನು ಮೂಳೆ ವೈದ್ಯರಿಗೆ ತೋರಿಸುವುದೂ ಅದೇ ವಾರ ಎಂದು ಗೊತ್ತಾಗಿದೆ.