80 ಸಾವಿರದ ಕಾರ್ಡ್ ಬಾಕಿ: ಬೇರೆ ಬ್ಯಾಂಕಿಗೆ ವರ್ಗಾಯಿಸುವ ಬಗ್ಗೆ

ನಿಮ್ಮ ಕ್ರೆಡಿಟ್ ಕಾರ್ಡಿನಲ್ಲಿ 80,000 ರೂಪಾಯಿ ಬಾಕಿ, ತಿಂಗಳಿಗೆ 3.5% ಬಡ್ಡಿ. ಬೇರೆ ಬ್ಯಾಂಕಿನವರು ಆ ಬಾಕಿಯನ್ನು ತಮ್ಮ ಕಾರ್ಡಿಗೆ ವರ್ಗಾಯಿಸಿದರೆ 2% ಶುಲ್ಕ, ತಿಂಗಳಿಗೆ 1% ಬಡ್ಡಿ, ಆರು ಕಂತು ಅಂತಿದ್ದಾರೆ. ತಗೊಳ್ಳಬಹುದಾ ಅಂತ ನಿಮ್ಮ ಪ್ರಶ್ನೆ, ಅಲ್ವಾ?

ಲೆಕ್ಕ ನೋಡಿ ಮಾರಾಯ್ರೆ. ಈಗ ಬಡ್ಡಿಯೇ ತಿಂಗಳಿಗೆ 2,800. ಅದರ ಮೇಲೆ 18% ಜಿಎಸ್‌ಟಿ ಸೇರಿ 3,304. ಮಿನಿಮಮ್ ಡ್ಯೂ, ಅಂದರೆ ಬಿಲ್ಲಿನಲ್ಲಿ ಕನಿಷ್ಠ ಕಟ್ಟಲೇಬೇಕಾದ ಮೊತ್ತ ಮಾತ್ರ ಕಟ್ಟುತ್ತಿದ್ದರೆ ಅಸಲು ಕರಗುವುದು ತೀರಾ ನಿಧಾನ. ವರ್ಗಾಯಿಸಿದರೆ ಶುಲ್ಕ 1,888, ಆರು ತಿಂಗಳ ಬಡ್ಡಿ ಸುಮಾರು 3,300, ಎರಡೂ ಜಿಎಸ್‌ಟಿ ಸೇರಿ. ಅಂದರೆ ಒಟ್ಟು ಖರ್ಚು ಈಗಿನ ಎರಡು ತಿಂಗಳ ಬಡ್ಡಿಗಿಂತ ಕಡಿಮೆ. ಆದರೆ ಕಂತು ತಿಂಗಳಿಗೆ ಸುಮಾರು 13,800 ಬರುತ್ತದೆ. ಅಷ್ಟು ಕಟ್ಟಲು ಆಗುತ್ತದಾ, ಅದನ್ನು ಮೊದಲು ನೋಡಿ. 1% ಬಡ್ಡಿಯನ್ನು ಪ್ರತಿ ತಿಂಗಳು ಉಳಿದ ಬಾಕಿಗೆ ಮಾತ್ರ ಹಾಕುತ್ತಾರಾ, ಇಲ್ಲ ಕೊನೆಯವರೆಗೂ ಪೂರ್ತಿ ಮೊತ್ತಕ್ಕೇ ಹಾಕುತ್ತಾರಾ ಅಂತಲೂ ಕೇಳಿ.

ಹಳೇ ಕಾರ್ಡಿಗೆ ವರ್ಗಾವಣೆ ದಿನದವರೆಗಿನ ಬಡ್ಡಿ ಮುಂದಿನ ಬಿಲ್ಲಿನಲ್ಲಿ ಬರುತ್ತದೆ. ಮುಗಿಯಿತು ಅಂತ ಸುಮ್ನೆ ಬಿಡಬೇಡಿ. ಹೊಸ ಕಾರ್ಡನ್ನು ಆರು ತಿಂಗಳು ಉಜ್ಜಲೇಬೇಡಿ. ಬಾಕಿ ಇರುವಾಗ ಹೊಸ ಖರೀದಿಗೆ ಮೊದಲ ದಿನದಿಂದಲೇ ಪೂರ್ತಿ ಬಡ್ಡಿ ಬೀಳಬಹುದು.

ಮನೆಯಲ್ಲಿ ಚಿನ್ನ ಉಂಟಾ? ನಮ್ಮ ಉಡುಪಿಯಲ್ಲಿ ಚಿನ್ನದ ಸಾಲ ಕೊಡುವ ಬ್ಯಾಂಕು, ಸೊಸೈಟಿಗಳಿಗೇನೂ ಬರವಿಲ್ಲ. ಆ ಬಡ್ಡಿಗೆ ಜಿಎಸ್‌ಟಿ ಇಲ್ಲ. ಕಂತು ಭಾರ ಅನಿಸಿದರೆ ನಾನಾದರೆ ಅಲ್ಲಿಗೇ ಮೊದಲು ಹೋಗಿ ದರ ಕೇಳುತ್ತೇನೆ.